ಕಾರ್ಟೂನ್ ಅಂದ್ರೆ ಮಕ್ಕಳದ್ದೇನಾ?

ತುಮಕೂರಿನ ಮನೆಗಳಲ್ಲಿ ಈಗ ಈ ಜಗಳ ಮಾಮೂಲಿ. ಮಗು ಮೊಬೈಲಲ್ಲಿ ದೆವ್ವದ ಕಾರ್ಟೂನ್ ನೋಡುತ್ತದೆ, ರಾತ್ರಿ ಬಚ್ಚಲಿಗೆ ಹೋಗಲೂ ಜೊತೆಗೆ ಯಾರಾದರೂ ಬೇಕು ಅನ್ನುತ್ತದೆ. ‘ಕಾರ್ಟೂನ್ ತಾನೇ, ಬಿಡು’ ಅನ್ನುವವರು ಒಬ್ಬರು, ‘ಫೋನ್ ಕಿತ್ತಿಡಿ’ ಅನ್ನುವವರು ಇನ್ನೊಬ್ಬರು.

ಈ ತಕರಾರಿಗೆ ಎಪ್ಪತ್ತು ವರ್ಷ ದಾಟಿದೆ. ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ‘ದಿ ಟೆಲ್-ಟೇಲ್ ಹಾರ್ಟ್’ ಕತೆಯನ್ನು ಅಮೆರಿಕದ ಯುಪಿಎ ಸ್ಟುಡಿಯೊ 1953ರಲ್ಲಿ ಸುಮಾರು ಎಂಟು ನಿಮಿಷದ ಕಾರ್ಟೂನ್ ಮಾಡಿತು. ಮುದುಕನೊಬ್ಬನ ಪೊರೆ ಕಟ್ಟಿದ ಕಣ್ಣು ಕಂಡರಾಗದೆ ಅವನನ್ನು ಕೊಂದು, ನೆಲದ ಹಲಗೆಗಳ ಕೆಳಗೆ ಬಚ್ಚಿಟ್ಟವನ ಕತೆ ಅದು. ಸತ್ತವನ ಎದೆಬಡಿತ ಮಾತ್ರ ಇವನಿಗೆ ಕೇಳುತ್ತಲೇ ಇರುತ್ತದೆ. ಚಿತ್ರದಲ್ಲಿ ನಾವು ನೋಡುವುದೆಲ್ಲ ಕೊಲೆಗಾರನ ಕಣ್ಣಿಂದ. ಅವನ ನೆರಳು ಕಾಣುತ್ತದೆ, ನಟ ಜೇಮ್ಸ್ ಮೇಸನ್ ದನಿ ಕೇಳುತ್ತದೆ. ತೊಗಲುಗೊಂಬೆ ಆಟ ನೋಡಿ ಬೆಳೆದ ನಮ್ಮ ಕಡೆಯ ಹಿರಿಯರಿಗೆ ನೆರಳಿನ ತಾಕತ್ತು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಬ್ರಿಟನ್ನಿನ ಸೆನ್ಸಾರ್ ಇದಕ್ಕೆ ‘ಎಕ್ಸ್’ ಪ್ರಮಾಣಪತ್ರ ಕೊಟ್ಟಿತು. ಹದಿನಾರರೊಳಗಿನವರಿಗೆ ಪ್ರವೇಶವಿಲ್ಲ. ಅಲ್ಲಿ ಕಾರ್ಟೂನೊಂದಕ್ಕೆ ಆ ಮುದ್ರೆ ಬಿದ್ದಿದ್ದು ಅದೇ ಮೊದಲು. ಅದೇ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು!

ಆಮೇಲಿನ ದಶಕಗಳಲ್ಲಿ ಮರಳು, ಗೊಂಬೆ, ಕಂಪ್ಯೂಟರ್ ಹೀಗೆ ಎಲ್ಲದರಿಂದಲೂ ಇಂಥ ಚಿತ್ರ ಮಾಡಿದರು. 1980ರಲ್ಲಿ ಜೆಕ್ ನಿರ್ದೇಶಕ ಯಾನ್ ಶ್ವಾಂಕ್ಮಾಯರ್ ಪೋ ಬರೆದ ಇನ್ನೊಂದು ಕತೆಯನ್ನು ಒಬ್ಬ ಮನುಷ್ಯನನ್ನೂ ತೋರಿಸದೆ ಮಾಡಿದರು. ಕುರ್ಚಿ, ಕೆಸರು, ಬೇರು, ಜೊತೆಗೆ ಕತೆ ಓದುವ ದನಿ. ಅಷ್ಟೇ ಸಾಕಾಯಿತು.

ಎಲ್ಲರೂ ಪೋ ಹಿಂದೆಯೇ ಬೀಳುವುದಕ್ಕೆ ಕತೆಯ ಗುಣದ ಜೊತೆ ಇನ್ನೊಂದು ಕಾರಣವೂ ಇದೆ. ಆತ ತೀರಿಕೊಂಡಿದ್ದು 1849ರಲ್ಲಿ. ನಮ್ಮಲ್ಲಿ ಲೇಖಕರು ಸತ್ತು 60 ವರ್ಷವಾದ ಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ. ಯಾರು ಬೇಕಾದರೂ ಕತೆ ಎತ್ತಿಕೊಳ್ಳಬಹುದು, ದುಡ್ಡೂ ಕೊಡಬೇಕಿಲ್ಲ.

ಈಗ ಕತೆ ಎತ್ತಿಕೊಳ್ಳುವವರು ಜಾಸ್ತಿ, ಭಯ ಮೆಲ್ಲಗೆ ಏರಲಿ ಅಂತ ಕಾಯುವವರು ಕಡಿಮೆ. ಶುರುವಾದ ಕೂಡಲೇ ದೆವ್ವ ಮುಖಕ್ಕೆ ಮುಖ ತಂದು ಕಿರುಚುತ್ತದೆ. ಮೂಲ ಕತೆ ಯಾರದ್ದು ಅಂತಲೂ ಎಷ್ಟೋ ಸಲ ಹಾಕಿರುವುದಿಲ್ಲ. ನೋಡಿದವರು ಬೆಚ್ಚುತ್ತಾರೆ ನಿಜ, ಆದರೆ ಭಯ ಅನ್ನುವುದು ಅದಲ್ಲ.

ಚಿತ್ರಮಂದಿರಕ್ಕೆ ಬರುವ ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಯಾರೋ ಮನೆಯಲ್ಲಿ ಮಾಡಿ ಯೂಟ್ಯೂಬಿಗೆ ಹಾಕುವ ಕಿರುಚಿತ್ರಕ್ಕೆ ಬೇಡ. ಹಾಗಾಗಿ ಯಾವುದು ಯಾವ ವಯಸ್ಸಿಗೆ ಅಂತ ನೋಡುವ ಕೆಲಸ ಮನೆಯವರ ಪಾಲಿಗೆ ಬಂದಿದೆ, ಅದೂ ಸಂಜೆ ಮುದ್ದೆ ತಿರುವುವ ಹೊತ್ತಲ್ಲಿ.