ಪಂಪು ಚೆನ್ನಾಗೇ ಇದೆ, ಬಿಲ್ ಯಾಕೆ ಇಳಿಯಲ್ಲ?

ಕಾರ್ಖಾನೆಯ ಕರೆಂಟು ಬಿಲ್ ಏರಿದಾಗ ಬೈಗುಳ ಮೊದಲು ಬೀಳುವುದು ಪಂಪಿಗೆ. ಹಳೇದಾಯ್ತು, ಮೋಟಾರು ಸರಿಯಿಲ್ಲ, ಅದರ ವೇಗ ಹೊಂದಿಸುವ ವಿಎಫ್‌ಡಿ ಡ್ರೈವ್ ಹಾಕಿಸಿಲ್ಲ ಅಂತ ಒಬ್ಬೊಬ್ಬರದು ಒಂದೊಂದು ಕಾರಣ. ಹಿಂದಿನದನ್ನು ನೋಡಿದರೆ ಪಂಪಿನ ತಪ್ಪು ಅಷ್ಟೇನೂ ಇಲ್ಲ.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾನ್ ಆಪಲ್ಡ್ ಅವರ ಬಾಗಿದ ರೆಕ್ಕೆಯ ಪಂಪು ಶೇ 68 ದಕ್ಷತೆ ತೋರಿಸಿತ್ತು. ನೇರ ರೆಕ್ಕೆ ಹಾಕಿದರೆ ಬರೀ ಶೇ 24. ಆಮೇಲೆ ಕರೆಂಟು ಬಂತು, ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಕಿರ್ಲೋಸ್ಕರ್ ಮನೆತನ ಪಂಪಿನ ವ್ಯಾಪಾರಕ್ಕೆ ಇಳಿಯಿತು. ಇವತ್ತು ದೊಡ್ಡ ಪಂಪುಗಳು ಶೇ 85 ದಾಟುತ್ತವೆ. ಅಲ್ಲಿಂದ ಮುಂದೆ ಹಿಂಡಿ ತೆಗೆಯಲು ಹೆಚ್ಚೇನೂ ಉಳಿದಿಲ್ಲ.

ಗಂಟು ಬಿದ್ದಿರುವುದು ಪಂಪು ಆರಿಸುವ ಟೇಬಲ್ಲಿನಲ್ಲಿ. ಗಂಟೆಗೆ 100 ಘನ ಮೀಟರ್ ನೀರು ಬೇಕು ಅಂತಿಟ್ಟುಕೊಳ್ಳಿ. ಪ್ರೋಸೆಸ್ ವಿಭಾಗ ‘ಇರಲಿ’ ಅಂತ ಶೇ 10 ಸೇರಿಸುತ್ತದೆ. ಪೈಪಿಂಗ್‌ನವರು ಹೆಡ್‌ಗೆ, ಅಂದರೆ ನೀರೆತ್ತುವ ಎತ್ತರ ಮತ್ತು ಪೈಪಿನ ತಡೆಯ ಲೆಕ್ಕಕ್ಕೆ, ಇನ್ನೊಂದಿಷ್ಟು ಸೇರಿಸುತ್ತಾರೆ. ಕ್ಯಾಟಲಾಗಿನಲ್ಲಿ ಅದೇ ಅಳತೆ ಸಿಗದಿದ್ದರೆ ಮೇಲಿನ ಸೈಜ್, ಮೋಟಾರು ಅದಕ್ಕೂ ಒಂದು ಸೈಜ್ ಮೇಲೆ. ನೀರು ಸಾಲಲಿಲ್ಲ ಅಂದರೆ ಬೈಸಿಕೊಳ್ಳಬೇಕು, ಕರೆಂಟು ಜಾಸ್ತಿ ಹೋದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಯಾರು ತಾನೇ ಚಿಕ್ಕದನ್ನು ಆರಿಸಿಯಾರು?

ಕೊನೆಗೆ ಆಪರೇಟರ್ ನೀರು ಹೊರಹೋಗುವ ಕಡೆಯ ಡಿಸ್ಚಾರ್ಜ್ ವಾಲ್ವನ್ನು ಅರ್ಧ ಮುಚ್ಚಿ ಓಡಿಸುತ್ತಾನೆ. ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಾಕಿದ ಹಾಗೆ. ಪಂಪು ನಡುಗುತ್ತದೆ, ಸೀಲ್ ಸೋರುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಸುಲಭದ ಮದ್ದೂ ಇತ್ತು: ಒಳಗೆ ತಿರುಗುವ ರೆಕ್ಕೆಚಕ್ರವಾದ ಇಂಪೆಲ್ಲರನ್ನು ಲೇತ್‌ಗೆ ಹಾಕಿ ಸುತ್ತಳತೆ ಸ್ವಲ್ಪ ಇಳಿಸುವುದು. ಆದರೆ ಹೊಸ ಪಂಪಿಗೆ ಕತ್ತರಿ ಹಾಕುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಆಮೇಲೆ ವಿಎಫ್‌ಡಿ ಅಗ್ಗವಾಯಿತು. ವೇಗ ಶೇ 80ಕ್ಕೆ ಇಳಿಸಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಎಲ್ಲ ಬ್ರೋಷರಿನಲ್ಲೂ ಇದೆ. ನೀರು ಸುತ್ತುತ್ತಲೇ ಇರುವ ಕೂಲಿಂಗ್ ಲೈನಿನಲ್ಲಿ ಹೆಚ್ಚುಕಡಿಮೆ ನಿಜ. ಎತ್ತರದ ಟ್ಯಾಂಕಿಗೆ ನೀರೆತ್ತುವ ಕಡೆ ಅಷ್ಟು ಉಳಿಯಲ್ಲ. ಕೆಲವು ಕಡೆ ಪ್ಯಾನೆಲ್ಲಿನಲ್ಲಿ 50 ಹರ್ಟ್ಸ್, ಅಂದರೆ ಪೂರ್ತಿ ವೇಗ, ಪಕ್ಕದಲ್ಲೇ ಅರ್ಧ ಮುಚ್ಚಿದ ವಾಲ್ವ್. ಡ್ರೈವ್ ಸುಮ್ನೆ ಕೂತಿರುತ್ತದೆ!

ಸರ್ಕಾರದ ಕಡೆಯಿಂದ 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷ ಇಂಧನ ದಕ್ಷತಾ ಬ್ಯೂರೋ (ಬಿಇಇ) ಶುರುವಾಯಿತು. 2012ರ ಪ್ಯಾಟ್ ಯೋಜನೆ 478 ದೊಡ್ಡ ಘಟಕಗಳಿಗೆ ಇಂಧನ ಬಳಕೆ ಇಳಿಸುವ ಗುರಿ ಕೊಟ್ಟಿತು. ಅಲ್ಲಿ ಅಳೆದದ್ದು ಇಡೀ ಘಟಕದ ಲೆಕ್ಕ, ಒಂದೊಂದು ಪಂಪಿನದಲ್ಲ. ಸಣ್ಣ ಕಾರ್ಖಾನೆಗಳು ಅದರೊಳಗೆ ಬರಲೇ ಇಲ್ಲ. ಯುರೋಪಿನಲ್ಲಿ 2013ರಿಂದ ನೀರಿನ ಪಂಪಿಗೇ ಕನಿಷ್ಠ ದಕ್ಷತೆ ಕಡ್ಡಾಯವಾಯಿತು. ಒಳ್ಳೆಯದೇ, ಆದರೆ ದೊಡ್ಡ ಸೈಜ್ ಆರಿಸುವುದನ್ನು ಅದು ತಡೆಯುವುದಿಲ್ಲ.

50 ಕಿಲೋವ್ಯಾಟ್ ಎಳೆಯುವ ಪಂಪು ವರ್ಷಕ್ಕೆ 6,000 ಗಂಟೆ ಓಡಿದರೆ 3 ಲಕ್ಷ ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 21 ಲಕ್ಷ. ಪಂಪು ಕೊಳ್ಳುವ ಬಜೆಟ್ ಒಂದು ವಿಭಾಗದ್ದು, ಬಿಲ್ ಕಟ್ಟುವುದು ಇನ್ನೊಂದು. ಹಾಗಾಗಿ ಟೆಂಡರಿನಲ್ಲಿ ಗೆಲ್ಲುವುದು ಕೊಳ್ಳುವ ದಿನದ ಬೆಲೆಯೇ. ಇನ್ನು ಓಡುತ್ತಿರುವ ಪಂಪನ್ನು ಪರೀಕ್ಷಿಸೋಣ ಅಂದರೆ ಲೈನಿನಲ್ಲಿ ಪ್ರೆಷರ್ ಗೇಜ್ ಇರುತ್ತದೆ, ಪ್ಯಾನೆಲ್ಲಿನಲ್ಲಿ ಆಂಪಿಯರ್ ಮೀಟರ್ ಇರುತ್ತದೆ. ದಕ್ಷತೆ ಲೆಕ್ಕ ಹಾಕಲು ಬೇಕಾದ, ನೀರಿನ ಹರಿವು ಅಳೆಯುವ ಫ್ಲೋಮೀಟರನ್ನು ಮಾತ್ರ ಬಹಳ ಕಡೆ ಹಾಕಿರುವುದೇ ಇಲ್ಲ.