ಇನ್ಶೂರೆನ್ಸ್ ಏಜೆಂಟರ ಪಟ್ಟಿ: ತೆರೆದಿಟ್ಟದ್ದು ಯಾರಿಗೆ, ರಾಶಿ ಹಾಕಿಕೊಂಡವರು ಯಾರು?

ಮಂಗಳೂರಿನಲ್ಲಿ ಆರೋಗ್ಯ ವಿಮೆ ಮಾರುವ ಕಂಪನಿಯ ಮ್ಯಾನೇಜರಿಗೆ ಹೊಸ ಏಜೆಂಟರು ಬೇಕಾದರೆ ಮೊದಲು ಹುಡುಕುವುದು ಹಳೇ ಏಜೆಂಟರನ್ನೇ. ಅದಕ್ಕೆ ಕಾರಣ ಇದೆ. ನಮ್ಮ ನಿಯಮದ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ, ಹೀಗೆ ಒಂದೊಂದು ಬಗೆಯಲ್ಲಿ ಒಂದೊಂದು ಕಂಪನಿಗೆ ಕೆಲಸ ಮಾಡಬಹುದು. ಈಗಾಗಲೇ ಲೈಫ್ ಪಾಲಿಸಿ ಮಾಡಿಸುತ್ತಿರುವವರಿಗೆ ಊರಿನ ಮನೆ ಮನೆಯ ಪರಿಚಯ ಇರುತ್ತದೆ. ಅವರ ಕೈಗೇ ಹೆಲ್ತ್ ಏಜೆನ್ಸಿಯನ್ನೂ ಕೊಟ್ಟರೆ ಕೆಲಸ ಸಲೀಸು. ಹಾಗಾಗಿ ಫೋನ್ ಹೋಗುತ್ತದೆ.

“ನಮಸ್ಕಾರ ಸರ್, ನಿಮ್ಮ ಹತ್ರ ಲೈಫ್ ಏಜೆನ್ಸಿ ಉಂಟಲ್ವಾ? ನಮ್ಮ ಕಂಪನಿದು ಹೆಲ್ತ್ ಕೂಡ ತಗೊಳ್ತೀರಾ?”

“ನಾನು ಅದನ್ನು ಬಿಟ್ಟು ವರ್ಷಗಟ್ಟಲೆ ಆಯ್ತು ಮಾರಾಯ್ರೆ. ನನ್ನ ನಂಬರ್ ಕೊಟ್ಟದ್ದು ಯಾರು ನಿಮಗೆ?”

ಇಂಥ ಮಾತುಕತೆ ಕರಾವಳಿಯಲ್ಲಿ ಹೊಸದೇನಲ್ಲ. ನಂಬರ್ ಬಂದದ್ದು ಯಾವುದೋ ಎಕ್ಸೆಲ್ ಶೀಟಿನಿಂದ. ಅಂಥ ಶೀಟಿನ ಬೇರು ಹುಡುಕಿದರೆ ಎಷ್ಟೋ ಸಲ ಸಿಗುವುದು ಒಂದು ಸರ್ಕಾರಿ ಪಟ್ಟಿ. ಬಾಗಿಲಿಗೆ ಬಂದ ಏಜೆಂಟ್ ಅಸಲಿಯೋ ನಕಲಿಯೋ ಅಂತ ಜನ ನೋಡಿಕೊಳ್ಳಲಿ ಅಂತ ತೆರೆದಿಟ್ಟ ಪಟ್ಟಿ ಅದು. ಅದನ್ನು ಇಡಿಗಂಟಾಗಿ ಎತ್ತಿಕೊಂಡು ಹೋಗುವುದು ಈಗ ದೊಡ್ಡ ವ್ಯವಹಾರ. ಇಲ್ಲಿಗಿಂತ ಅಮೆರಿಕದಲ್ಲಿ ಇನ್ನೂ ದೊಡ್ಡದು. ಅಲ್ಲಿನ ವಿಮಾ ಕಂಪನಿಗಳ ಬ್ಯಾಕ್ ಆಫೀಸ್ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ಆ ಪಟ್ಟಿಗಳು ನಿತ್ಯದ ಕೆಲಸ. ಆದ್ದರಿಂದ ಕಥೆಯನ್ನು ಅಲ್ಲಿಂದಲೇ ಶುರು ಮಾಡೋಣ.

1866ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯ ಒಂದು ಕಾನೂನು ಮಾಡಿತು. ಹೊರ ರಾಜ್ಯದ ವಿಮಾ ಕಂಪನಿಗಳು ಇಲ್ಲಿ ವ್ಯಾಪಾರ ಮಾಡಬೇಕಾದರೆ ಠೇವಣಿಯಾಗಿ ಬಾಂಡ್ ಇಟ್ಟು ಲೈಸೆನ್ಸ್ ಪಡೆಯಬೇಕು ಅಂತ. ಪೀಟರ್ಸ್‌ಬರ್ಗ್ ಊರಿನ ಸ್ಯಾಮುಯೆಲ್ ಪಾಲ್ ಎಂಬವರು ನ್ಯೂಯಾರ್ಕಿನ ಬೆಂಕಿ ವಿಮಾ ಕಂಪನಿಗಳ ಏಜೆಂಟ್. ಕಂಪನಿಗಳು ಬಾಂಡ್ ಇಡಲಿಲ್ಲ, ಇವರಿಗೆ ಲೈಸೆನ್ಸ್ ಸಿಗಲಿಲ್ಲ. ಆದರೂ ಪಾಲಿಸಿ ಮಾರಿದರು. 50 ಡಾಲರ್ ದಂಡ ಬಿತ್ತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1869ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ವಿಮೆಯ ಕರಾರು ಅಂತರರಾಜ್ಯ ವ್ಯಾಪಾರ ಅಲ್ಲ, ಅದನ್ನು ನೋಡಿಕೊಳ್ಳುವ ಅಧಿಕಾರ ಆಯಾ ರಾಜ್ಯದ್ದು.

ಒಬ್ಬ ಏಜೆಂಟನ ಲೈಸೆನ್ಸಿನ ಈ ಜಗಳವೇ ಅಮೆರಿಕದಲ್ಲಿ ರಾಜ್ಯಕ್ಕೊಂದು ರಿಜಿಸ್ಟರ್ ಆಗಲು ಮೂಲ. 1944ರಲ್ಲಿ ಅದೇ ಕೋರ್ಟು ತನ್ನ ಮಾತು ಬದಲಿಸಿತು. ಆದರೆ ಮರುವರ್ಷವೇ, 1945ರಲ್ಲಿ, ಅಲ್ಲಿನ ಸಂಸತ್ತು ಮೆಕ್‌ಕ್ಯಾರನ್–ಫರ್ಗ್ಯುಸನ್ ಕಾಯ್ದೆ ತಂದು ವಿಮೆಯನ್ನು ಮತ್ತೆ ರಾಜ್ಯಗಳ ಕೈಗೇ ಕೊಟ್ಟಿತು. ಇವತ್ತಿಗೂ ಹಾಗೇ ಇದೆ. ಇಪ್ಪತ್ತು ರಾಜ್ಯಗಳ ಗ್ರಾಹಕರಿಗೆ ಪಾಲಿಸಿ ಮಾರುವ ಏಜೆಂಟಿಗೆ ಇಪ್ಪತ್ತು ಲೈಸೆನ್ಸ್ ಬೇಕು. ಒಂದೊಂದರ ನವೀಕರಣದ ತಾರೀಕು ಒಂದೊಂದು. ಅಲ್ಲಿ ಲೈಸೆನ್ಸ್ ಇರುವವರು 20 ಲಕ್ಷಕ್ಕೂ ಜಾಸ್ತಿ. ಇವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ನೋಡುವುದು ಆಗದ ಮಾತು. ಇಡಿಗಂಟಾಗಿ ದಾಖಲೆ ಬೇಕು ಅನ್ನುವ ಹಸಿವು ಹುಟ್ಟಿದ್ದು ಇಲ್ಲಿ.

ಆ ಹಸಿವನ್ನು ಜಾಸ್ತಿ ಮಾಡಿದ್ದು 1994ರ ಒಂದು ಕಾನೂನು. ವಂಚನೆ, ನಂಬಿಕೆದ್ರೋಹದಂಥ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಲಿಖಿತ ಅನುಮತಿ ಇಲ್ಲದೆ ವಿಮಾ ವ್ಯವಹಾರದಲ್ಲಿ ಇರಕೂಡದು. ಗೊತ್ತಿದ್ದೂ ಅವರನ್ನು ಒಳಗೆ ಬಿಟ್ಟುಕೊಂಡವರಿಗೂ ಐದು ವರ್ಷದವರೆಗೆ ಜೈಲು. ಜೊತೆಗೆ ಲೈಸೆನ್ಸ್ ಇಲ್ಲದವರಿಗೆ ಕಮಿಷನ್ ಕೊಡುವಂತಿಲ್ಲ ಅನ್ನುವ ನಿಯಮ ಬೇರೆ. ಕಂಪನಿಗಳಿಗೆ ಭಯ ಹತ್ತಿತು. ನಮ್ಮ ಪಾಲಿಸಿ ಮಾರುತ್ತಿರುವ ಸಾವಿರಾರು ಜನರ ಲೈಸೆನ್ಸ್ ಇವತ್ತು ಚಾಲ್ತಿಯಲ್ಲಿದೆಯಾ? ನಿನ್ನೆ ರದ್ದಾಗಿದ್ದರೆ?

1996ರಲ್ಲಿ ರಾಜ್ಯಗಳ ವಿಮಾ ಆಯುಕ್ತರ ಸಂಘದ ಆಶ್ರಯದಲ್ಲಿ ಎನ್‌ಐಪಿಆರ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ರಾಜ್ಯಗಳ ದಾಖಲೆಗಳನ್ನು ಒಂದೇ ಕಡೆ ತಂದು ಕೊಡುವುದು ಅದರ ಕೆಲಸ. 1999ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ, ಲೈಸೆನ್ಸ್ ನಿಯಮಗಳನ್ನು ನೀವೇ ಸರಿಹೊಂದಿಸಿಕೊಳ್ಳಿ, ಇಲ್ಲವಾದರೆ ನಾವೇ ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟುತ್ತೇವೆ ಅಂತ ರಾಜ್ಯಗಳಿಗೆ ಗಡುವು ಕೊಟ್ಟಿತು. ಇದರಿಂದ ಕೆಲಸಕ್ಕೆ ವೇಗ ಬಂತು. ಎಲ್ಲ ರಾಜ್ಯಕ್ಕೂ ನಡೆಯುವ ಒಂದೇ ಏಜೆಂಟ್ ನಂಬರ್ ಬಳಕೆಗೆ ಬಂತು.

ಆ ಒಂದು ನಂಬರಿನ ಬೆಲೆ ಏನು ಅಂತ ಇಲ್ಲಿ ಕೂತು ಪಟ್ಟಿ ತಾಳೆ ಹಾಕುವವರಿಗೆ ಚೆನ್ನಾಗಿ ಗೊತ್ತು. ನಮ್ಮೂರಿನ ಹೆಸರುಗಳನ್ನೇ ನೋಡಿ. ಡಿಸೋಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಡಿ ಆದ ಮೇಲೆ ಚಿಕ್ಕ ಗೀಟು ಹಾಕಿ ಬರೆಯುತ್ತಾರೆ, ಒಬ್ಬರು ಜಾಗ ಬಿಟ್ಟು ಬರೆಯುತ್ತಾರೆ, ಇನ್ನೊಬ್ಬರು ಕೂಡಿಸಿಯೇ ಬರೆಯುತ್ತಾರೆ. ಪೂಜಾರಿ ಕೊನೆಗೆ ವೈ ಬರಬಹುದು, ಐ ಬರಬಹುದು. ಕಾಮತ್‌ಗೆ ಹೆಚ್ ಇದ್ದರೂ ಇದೆ, ಇಲ್ಲದಿದ್ದರೂ ಇಲ್ಲ. ಮಂಗಳೂರಿನ ಒಂದೇ ಪಿನ್ ಕೋಡಿನಲ್ಲಿ ಒಂದೇ ಹೆಸರಿನ ಶೆಟ್ಟರು ಎಷ್ಟು ಮಂದಿ ಇರಬಹುದು? ಹೆಸರು ನೋಡಿ ತಾಳೆ ಹಾಕಿದರೆ ಒಬ್ಬರ ಮೇಲಿನ ದೂರು ಇನ್ನೊಬ್ಬರ ತಲೆಗೆ ಬರುತ್ತದೆ. ನಿಯಮ ಪಾಲನೆ ವಿಭಾಗದವರು ಹೆಸರಿಗಿಂತ ನಂಬರಿಗೆ ಅಂಟಿಕೊಳ್ಳುವುದು ಇದಕ್ಕೇ.

ಅಮೆರಿಕದಲ್ಲಿ ಈಗ ದಾಖಲೆ ಸಿಗುವ ದಾರಿ ಎರಡು. ಒಂದು, ರಾಜ್ಯಗಳೇ ತೆರೆದಿಟ್ಟದ್ದು. ಫ್ಲೋರಿಡಾ, ಟೆಕ್ಸಸ್‌ನಂಥ ರಾಜ್ಯಗಳು ಲೈಸೆನ್ಸ್ ಪಟ್ಟಿಯನ್ನು ಇಡಿಯಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತವೆ. ಏಜೆಂಟರನ್ನು ಸೆಳೆಯುವ ಏಜೆನ್ಸಿಗಳಿಗೆ ಇದು ಹಬ್ಬ. ಹೊಸದಾಗಿ ಲೈಸೆನ್ಸ್ ಸಿಕ್ಕವರಿಗೆ ಕರೆ, ಇಮೇಲ್ ಶುರುವಾಗುತ್ತದೆ. ಇನ್ನೊಂದು ಎನ್‌ಐಪಿಆರ್ ದಾರಿ. ಅಲ್ಲಿನ ವರದಿಗೆ 1970ರ ಕ್ರೆಡಿಟ್ ವರದಿ ಕಾನೂನಿನ ಕಟ್ಟುಪಾಡು ಇದೆ. ಕೆಲಸಕ್ಕೆ ತೆಗೆದುಕೊಳ್ಳಲು ಅದನ್ನು ಬಳಸುವುದಾದರೆ ಆ ವ್ಯಕ್ತಿಯ ಒಪ್ಪಿಗೆ ಬೇಕು. ವರದಿ ನೋಡಿ ಬೇಡ ಅನ್ನುವುದಾದರೆ ಅದರ ಪ್ರತಿ ಅವರಿಗೆ ಕೊಡಬೇಕು. ತಪ್ಪಿದ್ದರೆ ಸರಿಪಡಿಸಿ ಅಂತ ಅವರು ಕೇಳಬಹುದು. ಒಂದೇ ದಾಖಲೆಯಾದರೂ ಎರಡನೇ ದಾರಿಯಲ್ಲಿ ಏಜೆಂಟಿಗೆ ಮಾತಾಡಲು ಅವಕಾಶ ಇದೆ, ಮೊದಲನೆಯದರಲ್ಲಿ ಇಲ್ಲ. ನನಗೆ ಇದು ಬಹಳ ದೊಡ್ಡ ವ್ಯತ್ಯಾಸ ಅನಿಸುತ್ತದೆ.

ನಮ್ಮ ಪಟ್ಟಿ

ಇನ್ನು ನಮ್ಮ ಕಡೆಗೆ ಬರೋಣ. 1938ರ ವಿಮಾ ಕಾಯ್ದೆಯ 42ನೇ ಸೆಕ್ಷನ್ ಏಜೆಂಟರಿಗೆ ಲೈಸೆನ್ಸ್ ಬೇಕು ಅಂದಿತು. ಅದರ ಪಕ್ಕದ 43ನೇ ಸೆಕ್ಷನ್ ಕಡೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಏಜೆಂಟರನ್ನು ಇಟ್ಟುಕೊಂಡ ಕಂಪನಿ ಒಂದು ರಿಜಿಸ್ಟರ್ ಇಡಬೇಕು ಅನ್ನುತ್ತದೆ ಅದು. ಅದರಲ್ಲಿ ಏಜೆಂಟನ ಹೆಸರು, ವಿಳಾಸ, ನೇಮಕವಾದ ದಿನ ಇರಬೇಕು. ಬಿಟ್ಟಿದ್ದರೆ, ಬಿಟ್ಟ ದಿನವೂ ಇರಬೇಕು. ಈ ಕೊನೆಯ ಕಾಲಂ ನೆನಪಿಟ್ಟುಕೊಳ್ಳಿ.

ನಮ್ಮ ಕರಾವಳಿಯಲ್ಲಿ ಬಹಳ ಕಾಲ ಜನರಿಗೆ ಆ ರಿಜಿಸ್ಟರ್ ನೋಡುವ ಅಗತ್ಯವೇ ಬೀಳಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿತ್ತು. ಬಾಗಿಲಿಗೆ ಬಂದು ದುಡ್ಡು ತಗೊಂಡು ಹೋಗುವವರನ್ನು ನಂಬುವುದು ಇಲ್ಲಿಯವರಿಗೆ ಆಗಲೇ ಅಭ್ಯಾಸ. 1956ರ ಸೆಪ್ಟೆಂಬರ್ 1ರಂದು ಎಲ್‌ಐಸಿ ಬಂತು. 245 ವಿಮಾ ಕಂಪನಿಗಳೂ ಪ್ರಾವಿಡೆಂಟ್ ಸೊಸೈಟಿಗಳೂ ಅದರೊಳಗೆ ಸೇರಿದವು. ಜೀವ ವಿಮೆ ಅಂದರೆ ಒಂದೇ ಸಂಸ್ಥೆ. ಏಜೆಂಟ್ ಅಂದರೆ ಪಕ್ಕದ ಬೀದಿಯ ಮೇಷ್ಟ್ರು, ಇಲ್ಲವೇ ಪರಿಚಯದ ಅಂಗಡಿಯವರು. ಅವರ ಮನೆ ಎಲ್ಲಿ, ಅಪ್ಪ ಯಾರು ಅಂತ ಎಲ್ಲ ಗೊತ್ತಿತ್ತು.

2000ದಲ್ಲಿ ಚಿತ್ರ ಬದಲಾಯಿತು. 1999ರ ಕಾಯ್ದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಬಂತು, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಏಜೆಂಟ್ ಆಗಲು 100 ಗಂಟೆ ತರಬೇತಿ, ಮೇಲೊಂದು ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ನವೀಕರಿಸುವ ಲೈಸೆನ್ಸ್. ತರಬೇತಿ ಆಮೇಲೆ 50 ಗಂಟೆಗೆ ಇಳಿಯಿತು. ಹಂಪನಕಟ್ಟೆಯಿಂದ ಕಂಕನಾಡಿವರೆಗೆ ಕಂಪನಿಗಳ ಬೋರ್ಡುಗಳು ಎದ್ದವು. ಮನೆಗೆ ಬರುವವರು ಪರಿಚಯವಿಲ್ಲದವರಾದರು. ಆಗ ಪಟ್ಟಿಗೆ ಬೆಲೆ ಬಂತು.

2015ರಲ್ಲಿ ಆದ ಬದಲಾವಣೆ ಎಷ್ಟೋ ಏಜೆಂಟರಿಗೇ ಸರಿಯಾಗಿ ಗೊತ್ತಿಲ್ಲ. ಆ ವರ್ಷದ ತಿದ್ದುಪಡಿಯಿಂದ ಏಜೆಂಟರಿಗೆ ಪ್ರಾಧಿಕಾರದ ಲೈಸೆನ್ಸ್ ಕೊಡುವ ಪದ್ಧತಿಯೇ ಹೋಯಿತು. ಬಾಯಿಮಾತಿಗೆ ಲೈಸೆನ್ಸ್ ಅನ್ನುತ್ತೇವೆ, ಅಷ್ಟೇ. ಈಗ ಕಂಪನಿಯೇ ನೇಮಕ ಪತ್ರ ಕೊಡುತ್ತದೆ. ಹೊಣೆಯೂ ಅದರದ್ದೇ. ಅರ್ಹತೆ ಇಲ್ಲದವರನ್ನು ನೇಮಿಸಿಕೊಂಡರೆ ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡ. ನಿಯಮ ಮೀರಿ ಏಜೆಂಟ್ ಅಂತ ಓಡಾಡಿದವರಿಗೆ 10 ಸಾವಿರದವರೆಗೆ. ಹಾಗಾಗಿ ನೇಮಿಸಿಕೊಳ್ಳುವ ಮೊದಲು ಕಂಪನಿ ಎರಡು ಪಟ್ಟಿ ನೋಡಲೇಬೇಕು. ಒಂದು ಎಲ್ಲ ಏಜೆಂಟರ ಕೇಂದ್ರೀಯ ಪಟ್ಟಿ, ಇನ್ನೊಂದು ಕಪ್ಪುಪಟ್ಟಿ. ತಾಳೆ ಹಾಕುವುದು ಪ್ಯಾನ್ ನಂಬರಿನಿಂದ.

ಪ್ಯಾನ್ ಆಧಾರದ ಈ ಹುಡುಕಾಟ ನನ್ನ ಮಟ್ಟಿಗೆ ನಮ್ಮ ವ್ಯವಸ್ಥೆಯ ಒಳ್ಳೆಯ ಭಾಗ. ಯಾಕೆಂದರೆ ಪ್ಯಾನ್ ಇಲ್ಲದೆ ಹುಡುಕಲು ಆಗುವುದಿಲ್ಲ, ಪ್ಯಾನ್ ಬೇಕಾದರೆ ಆ ವ್ಯಕ್ತಿಯನ್ನೇ ಕೇಳಬೇಕು. ಅಲ್ಲಿಗೆ ಒಪ್ಪಿಗೆ ತಾನಾಗಿಯೇ ಬಂತು. ಸಿಗುವ ಉತ್ತರವೂ ಆ ದಿನದ್ದು.

ತೊಂದರೆ ಇರುವುದು ಈ ಹುಡುಕಾಟ ನಡೆಯುವ ಪ್ರಾಧಿಕಾರದ ಪೋರ್ಟಲಿನ, ಅಂದರೆ ವೆಬ್‌ಸೈಟಿನ, ಇನ್ನೊಂದು ಪುಟದಲ್ಲಿ. ಅಲ್ಲಿ ವಿಮೆಯ ಬಗೆ, ಕಂಪನಿ, ರಾಜ್ಯ, ಜಿಲ್ಲೆ ಆರಿಸಿಕೊಂಡು ಏಜೆಂಟರನ್ನು ಹುಡುಕಬಹುದು. ಉಡುಪಿಯ ಗೃಹಿಣಿಯೊಬ್ಬರು ಹತ್ತಿರದ ಏಜೆಂಟ್ ಯಾರು ಅಂತ ನೋಡಲು ಮಾಡಿದ ವ್ಯವಸ್ಥೆ ಅದು. ಆದರೆ ಪ್ರೋಗ್ರಾಮ್ ಬರೆಯಲು ಬರುವವರಿಗೆ ಇದೇ ಪುಟ ಬೇರೆ ಥರ ಕಾಣುತ್ತದೆ. 575001 ಮುಗಿಸಿ 575002, ಅದು ಮುಗಿದರೆ 576101, ಆಮೇಲೆ ಮಣಿಪಾಲದ 576104. ಪಿನ್ ಕೋಡ್ ಹಿಡಿದು ಜಿಲ್ಲೆಯನ್ನೇ ಬಾಚಿಕೊಳ್ಳಬಹುದು. ಹೆಸರು, ಏಜೆನ್ಸಿ ನಂಬರ್, ಕಂಪನಿ, ಊರು, ನೇಮಕದ ಅವಧಿ, ಎಲ್ಲ ಸಾಲಾಗಿ ಶೀಟಿಗೆ ಬೀಳುತ್ತದೆ.

ಹೀಗೆ ಬಾಚಿದ್ದನ್ನು ನಿಯಮ ಪಾಲನೆಯವರು ಬಳಸಿದರೆ ನನ್ನ ತಕರಾರು ಕಡಿಮೆ. ಅವರ ಉದ್ದೇಶವೂ ಪಟ್ಟಿಯ ಉದ್ದೇಶವೂ ಒಂದೇ. ಮೇಲಾಗಿ ಅವರಿಗೆ ಹಳೇ ಪ್ರತಿಯಿಂದ ಪ್ರಯೋಜನ ಇಲ್ಲ. ಕಳೆದ ತಿಂಗಳು ಸರಿಯಿದ್ದವರು ಇವತ್ತು ಕಪ್ಪುಪಟ್ಟಿಯಲ್ಲಿರಬಹುದು, ಹಾಗಾಗಿ ಮೂಲಕ್ಕೆ ಮತ್ತೆ ಮತ್ತೆ ಹೋಗಲೇಬೇಕು. ನೇಮಕಾತಿಯವರಿಗೆ ಹಾಗಿಲ್ಲ. ನೂರು ಹಳೇ ನಂಬರಿನಲ್ಲಿ ಹತ್ತು ಜನ ಫೋನ್ ಎತ್ತಿದರೂ ಅವರಿಗೆ ಲಾಭವೇ. ಆದ್ದರಿಂದ ಹಳಸಿದ ಶೀಟುಗಳು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ಎಷ್ಟೋ ಶೀಟುಗಳಲ್ಲಿ ಮೊದಲು ಉದುರಿ ಹೋಗುವ ಕಾಲಂ ಅದೇ, ಬಿಟ್ಟ ದಿನ. ಕರೆ ಮಾಡುವವರಿಗೆ ಅದು ಬೇಡ. ಏಜೆನ್ಸಿ ಬಿಟ್ಟು ಕ್ಯಾಂಟೀನ್ ಇಟ್ಟುಕೊಂಡವರು ಆ ಶೀಟಿನಲ್ಲಿ ಇನ್ನೂ ಏಜೆಂಟರೇ. ಹಾಳೆಯ ಮೇಲೆ ಅವರ ಹೆಸರು ಚಾಲ್ತಿಯಲ್ಲಿ ಇರುವುದನ್ನು ನೋಡಿ ಬೇರೆ ಯಾರೋ ಆ ಹೆಸರು ಹೇಳಿಕೊಂಡು ಕಂತಿನ ದುಡ್ಡು ಕೇಳಿದರೆ, ನಂಬುವವರು ನಂಬಿಬಿಡುತ್ತಾರೆ. ಕರೆಗಳ ಕಿರಿಕಿರಿಗಿಂತ ನನಗೆ ಈ ಅಪಾಯದ ಚಿಂತೆಯೇ ಜಾಸ್ತಿ.

ಕಾನೂನು ಏನನ್ನುತ್ತದೆ? 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್, ಕಂಪ್ಯೂಟರಿನ ಯಜಮಾನರ ಅನುಮತಿ ಇಲ್ಲದೆ ಅದರಿಂದ ಮಾಹಿತಿ ನಕಲು ಮಾಡಿದರೆ ಪರಿಹಾರ ಕೊಡಬೇಕು ಅನ್ನುತ್ತದೆ. ಜನರಿಗಾಗಿ ತೆರೆದಿಟ್ಟ ಪುಟಕ್ಕೆ ಇದು ಎಷ್ಟು ಅನ್ವಯ ಅನ್ನುವ ವಾದ ಮಾಡಬಹುದು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ದೊಡ್ಡ ಆಸರೆ ಆಗಬೇಕಿತ್ತು, ದಂಡ 250 ಕೋಟಿವರೆಗೂ ಇದೆ. ಆದರೆ ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ಮಾಹಿತಿಯನ್ನು ಅದು ಹೊರಗಿಟ್ಟಿದೆ. ಏಜೆಂಟರ ಪಟ್ಟಿ ಇದೇ ಸಾಲಿನದ್ದು ಅಂತ ಶೀಟು ಮಾರುವವರು ಹೇಳಬಹುದು. ಅದಕ್ಕೆ ಬೇರೆ ಕಡೆಯಿಂದ ತಂದ ಮೊಬೈಲ್ ನಂಬರ್ ಜೋಡಿಸಿದ ಮೇಲೂ ಅದೇ ಮಾತು ನಡೆಯುತ್ತದೆಯೇ? ನನ್ನ ಪ್ರಕಾರ ನಡೆಯಬಾರದು. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ.

ಪಟ್ಟಿಯನ್ನು ಮುಚ್ಚಿಡಿ ಅಂತ ನಾನು ಹೇಳುವುದಿಲ್ಲ. ಮುಚ್ಚಿದರೆ ನಕಲಿ ಏಜೆಂಟರಿಗೆ ಅನುಕೂಲ. ಬೇಕಾದ್ದು ಇಷ್ಟು. ಇಡಿಗಂಟಾಗಿ ಬೇಕಾದವರಿಗೆ ಪ್ರಾಧಿಕಾರವೇ ಕೊಡಲಿ. ಯಾರಿಗೆ, ಯಾವ ಕೆಲಸಕ್ಕೆ ಕೊಟ್ಟೆವು ಅಂತ ಬರೆದಿಡಲಿ. ಫೋನ್ ನಂಬರ್ ತೆಗೆದು ಕೊಡಲಿ. ಬಿಟ್ಟ ದಿನದ ಕಾಲಂ ಕಡ್ಡಾಯವಾಗಿ ಇರಲಿ, ಪಡೆದವರು ಅದನ್ನು ಅಳಿಸಿ ಮುಂದೆ ದಾಟಿಸಿದರೆ ದಂಡ ಹಾಕಲಿ. ಏಜೆನ್ಸಿ ಬಿಡುವವರು ಕಂಪನಿಯಿಂದ ನಮೂನೆ 1-ಸಿ ಎಂಬ ಬಿಡುಗಡೆ ಪತ್ರವನ್ನು ಕೇಳಿ ಪಡೆದುಕೊಳ್ಳಬೇಕು. ಆಮೇಲೆ ತಮ್ಮ ಪ್ಯಾನ್ ಹಾಕಿ ಪೋರ್ಟಲಿನಲ್ಲಿ ಹೆಸರು ನಿಜವಾಗಿಯೂ ಇಳಿದಿದೆಯಾ ಅಂತ ನೋಡಬೇಕು. ಇಳಿದಿಲ್ಲದಿದ್ದರೆ ಆ ಕಂಪನಿಗೆ ಬರವಣಿಗೆಯಲ್ಲೇ ದೂರು ಕೊಡಬೇಕು, ಯಾಕೆಂದರೆ ಪಟ್ಟಿಗೆ ಹೆಸರು ಏರಿಸಿದ್ದು ಅವರು, ಇಳಿಸಬೇಕಾದವರೂ ಅವರೇ.