ಸೆಕೆಂಡ್ ಲ್ಯಾಂಗ್ವೇಜ್‌ನಿಂದ ಎಇಸಿವರೆಗೆ: ಕಾಸರಗೋಡಿನ ಡಿಗ್ರಿ ಕ್ಲಾಸಿನಲ್ಲಿ ಕನ್ನಡ

ಅಕ್ಕನ ಮಗಳಿಗೆ ಬಿ.ಎಸ್ಸಿ. ಗಣಿತಕ್ಕೆ ಸೀಟು ಸಿಕ್ಕಿತು. ಕಾಲೇಜಿನಲ್ಲಿ ಕೊಟ್ಟ ಆಪ್ಷನ್ ಫಾರಂ ಹಿಡಿದುಕೊಂಡು ಸಂಜೆ ಮನೆಗೆ ಬಂದಳು. "ಮಾವಾ, ಇದರಲ್ಲಿ ಕನ್ನಡ ಎಲ್ಲಿದೆ?" ಅಂತ ಕೇಳಿದಳು. ಜಗಲಿಯಲ್ಲಿ ಕೂತು ಇಬ್ಬರೂ ಹುಡುಕಿದೆವು. ಡಿಎಸ್‌ಸಿ, ಎಂಡಿಸಿ, ಎಸ್‌ಇಸಿ, ವಿಎಸಿ ಅಂತ ಬರೀ ಅಕ್ಷರಗಳು. ಕೊನೆಗೆ ಎಇಸಿ ಎನ್ನುವ ಸಾಲಿನಲ್ಲಿ, ಮಲಯಾಳಂ, ಹಿಂದಿಯ ಪಕ್ಕದಲ್ಲಿ ಕನ್ನಡ ಸಿಕ್ಕಿತು.

ಅವಳು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು. ಲೆಕ್ಕವನ್ನೂ ಕನ್ನಡದಲ್ಲೇ ಕಲಿತವಳು. ಆ ಮೂರು ಅಕ್ಷರ ಎಲ್ಲಿಂದ ಬಂದವು ಅಂತ ಅವಳಿಗೆ ಹೇಳಲು ಹೋಗಿ, ನಾನೇ ಹಿಂದಕ್ಕೆ ಹೋಗಬೇಕಾಯಿತು.

ಡಿಗ್ರಿಗೆ ಯಾವ ವಿಷಯ ತಗೊಂಡರೂ ಎಲ್ಲರೂ ಓದಲೇಬೇಕಾದ ಕೆಲವು ಪೇಪರ್ ಇರುತ್ತವಲ್ಲ, ಅದೇ ಸಾಮಾನ್ಯ ಶಿಕ್ಷಣ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1919ರಲ್ಲೇ ಇಂಥ ಒಂದು ಕೋರ್ಸ್ ಶುರುವಾಗಿತ್ತು. ನಮ್ಮಲ್ಲಿ ವಿಶ್ವವಿದ್ಯಾಲಯಗಳ ಶಿಕ್ಷಣಕ್ಕಾಗಿ ನೇಮಿಸಿದ್ದ ರಾಧಾಕೃಷ್ಣನ್ ಆಯೋಗ 1949ರ ವರದಿಯಲ್ಲಿ ಇದನ್ನು ಒತ್ತಿ ಹೇಳಿತು. ವಿಜ್ಞಾನ ಓದುವವನಿಗೆ ಸಾಹಿತ್ಯ, ಸಮಾಜವೂ ಗೊತ್ತಿರಬೇಕು, ಕಲಾ ವಿಭಾಗದವನಿಗೆ ವಿಜ್ಞಾನವೂ ಬೇಕು ಎಂಬುದು ಅದರ ಮಾತು. ನಮ್ಮ ಕಾಲೇಜುಗಳಲ್ಲಿ ಈ ಕೆಲಸದ ಹೆಚ್ಚಿನ ಭಾರ ಬಿದ್ದದ್ದು ಭಾಷೆಯ ಕ್ಲಾಸುಗಳ ಮೇಲೆ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷವೇ ಇಲ್ಲಿ ಸರಕಾರಿ ಕಾಲೇಜು ಶುರುವಾಯಿತು. 1968ರಲ್ಲಿ ಕಲ್ಲಿಕೋಟೆಯಲ್ಲಿ ವಿಶ್ವವಿದ್ಯಾಲಯ ಬಂತು. 1980ರಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಕಾಲೇಜು, 1996ರಲ್ಲಿ ನಮ್ಮ ಕಾಲೇಜುಗಳು ಈಗ ಸೇರಿರುವ ಕಣ್ಣೂರು ವಿಶ್ವವಿದ್ಯಾಲಯ. ಇಷ್ಟೆಲ್ಲ ಆಗುವಾಗಲೂ ಡಿಗ್ರಿಯ ಚೌಕಟ್ಟು ಹೆಚ್ಚು ಬದಲಾಗಲಿಲ್ಲ. ಪಾರ್ಟ್ ಒಂದು ಇಂಗ್ಲಿಷ್. ಪಾರ್ಟ್ ಎರಡು ಸೆಕೆಂಡ್ ಲ್ಯಾಂಗ್ವೇಜ್. ಪಾರ್ಟ್ ಮೂರು ಮೇನ್ ಮತ್ತು ಸಬ್ಸಿಡಿಯರಿ. ಮೂರರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕಿತ್ತು.

ಇಲ್ಲಿ ಒಂದು ಮಾತು ನನಗೆ ಯಾವತ್ತೂ ಚುಚ್ಚುತ್ತದೆ. ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಮೊದಲನೇ ಭಾಷೆ. ಕಾಲೇಜಿನ ಗೇಟು ದಾಟಿದ ಕೂಡಲೇ ಅದೇ ಕನ್ನಡ ಎರಡನೆಯದು. ಮನೆ ಅದೇ, ಮಾತು ಅದೇ, ಹೆಸರು ಮಾತ್ರ ಬೇರೆ. ಆದರೂ ಆ ಎರಡನೇ ಸ್ಥಾನದಲ್ಲಿ ಜಾಗ ಇತ್ತು. ಕೆಮಿಸ್ಟ್ರಿ ಓದುವ ಹುಡುಗ, ಇತಿಹಾಸ ಓದುವ ಹುಡುಗಿ, ಎಲ್ಲರೂ ಎರಡು ವರ್ಷ ಒಂದೇ ಕನ್ನಡ ಕ್ಲಾಸಿನಲ್ಲಿ ಕೂರುತ್ತಿದ್ದರು. ಹಳಗನ್ನಡದ ಒಂದು ತುಂಡು, ನಾಲ್ಕಾರು ವಚನ, ಒಂದು ನಾಟಕ ಓದಿಯೇ ಹೊರಗೆ ಬರುತ್ತಿದ್ದರು. ಲ್ಯಾಬಿನಿಂದ ಓಡಿ ಬಂದು, ಕೈಯಿಂದ ಆಸಿಡ್ ವಾಸನೆ ಹೋಗುವ ಮೊದಲೇ ಷಟ್ಪದಿಗೆ ಗಣ ವಿಂಗಡಿಸಿದ್ದು ನನಗಿನ್ನೂ ನೆನಪಿದೆ.

2009ರಲ್ಲಿ ಕೇರಳದ ಡಿಗ್ರಿಗೆ ಸೆಮಿಸ್ಟರ್, ಕ್ರೆಡಿಟ್ ಬಂದವು. ಕ್ರೆಡಿಟ್ ಅಂದರೆ ಒಂದೊಂದು ಪೇಪರಿಗೆ ಕೊಡುವ ತೂಕ. ಪಾರ್ಟ್ ಹೋಯಿತು, ಕಾಮನ್ ಕೋರ್ಸ್ ಬಂತು. ಕಣ್ಣೂರಿನ ಸಿಲೆಬಸ್ಸಿನಲ್ಲಿ ಪ್ರತಿ ಪೇಪರಿಗೂ ಒಂದು ಅಕ್ಷರ. ಎ ಅಂದರೆ ಕಾಮನ್, ಬಿ ಅಂದರೆ ಕೋರ್, ಸಿ ಅಂದರೆ ಕಾಂಪ್ಲಿಮೆಂಟರಿ, ಡಿ ಅಂದರೆ ಬೇರೆ ವಿಭಾಗದವರಿಗೆ ತೆರೆದಿಟ್ಟ ಪೇಪರ್. ಮೂರು ವರ್ಷಕ್ಕೆ ಒಟ್ಟು 120 ಕ್ರೆಡಿಟ್. ಬಿ.ಎ., ಬಿ.ಎಸ್ಸಿ.ಯಲ್ಲಿ ಇಂಗ್ಲಿಷಿಗೆ 22, ಎರಡನೇ ಭಾಷೆಗೆ 16. ಸೆಮಿಸ್ಟರಿಗೊಂದರಂತೆ ಕನ್ನಡಕ್ಕೆ ನಾಲ್ಕು ಪೇಪರ್ ಉಳಿದವು. ಬಿ.ಕಾಂ., ಬಿ.ಬಿ.ಎ.ಗೆ ಭಾಷೆಯ ಪಾಲು ಇನ್ನೂ ಕಡಿಮೆ ಇತ್ತು. ಆದರೂ ನೂರಿಪ್ಪತ್ತರಲ್ಲಿ ಹದಿನಾರು ಸಣ್ಣದಲ್ಲ.

ದೊಡ್ಡ ಬದಲಾವಣೆ ಆದದ್ದು 2024ರ ಜುಲೈಯಲ್ಲಿ. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯಿತು. ಮೂರು ವರ್ಷಕ್ಕೆ ನಿಲ್ಲಿಸಿದರೆ 133 ಕ್ರೆಡಿಟ್, ನಾಲ್ಕನೇ ವರ್ಷವೂ ಓದಿ ಆನರ್ಸ್ ಪಡೆದರೆ 177. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರಿನಲ್ಲಿ ಕೊಟ್ಟ ಚೌಕಟ್ಟಿನಲ್ಲಿದ್ದ ಹೆಸರುಗಳೇ ಇಲ್ಲಿಗೂ ಬಂದವು. ಎಇಸಿ ಅಂದರೆ ಸಾಮರ್ಥ್ಯ ಹೆಚ್ಚಿಸುವ ಪೇಪರ್, ಅಂದರೆ ಭಾಷೆ. ಎಂಡಿಸಿ ಅಂದರೆ ತನ್ನ ಮೇಜರ್ (ಮುಖ್ಯ ವಿಷಯ) ಬಿಟ್ಟು ಬೇರೆ ವಿಷಯ. ಎಸ್‌ಇಸಿ ಕೌಶಲದ್ದು. ವಿಎಸಿ ಮೌಲ್ಯದ್ದು, ಪರಿಸರ, ಸಂವಿಧಾನದಂಥ ವಿಷಯಗಳು ಇದರಲ್ಲಿ ಬರುತ್ತವೆ. ಡಿಎಸ್‌ಸಿ, ಅಂದರೆ ತಾನು ಆರಿಸಿದ ವಿಷಯಗಳ ಪೇಪರ್, ಬೇರೆಯೇ ಇದೆ. ಎಲ್ಲರಿಗೂ ಬೇಕಾದ ಈ ನಾಲ್ಕು ಗುಂಪಿನಲ್ಲಿ ಒಟ್ಟು 13 ಪೇಪರ್. ಒಂದೊಂದಕ್ಕೆ 3 ಕ್ರೆಡಿಟ್, ಸೇರಿದರೆ 39.

ಈಗ ಲೆಕ್ಕ ನೋಡಿ. ಮೊದಲು ಎರಡು ಭಾಷೆಗೆ ಸೇರಿ 38 ಕ್ರೆಡಿಟ್ ಇತ್ತು. ಈಗ 39 ಇದೆ, ಆದರೆ ಅದನ್ನು ನಾಲ್ಕು ಗುಂಪಿಗೆ ಹಂಚಿದ್ದಾರೆ. ಎಇಸಿಯ ಪಾಲು ನಾಲ್ಕೇ ಪೇಪರ್. ಎರಡು ಇಂಗ್ಲಿಷ್, ಎರಡು ಇನ್ನೊಂದು ಭಾಷೆ. ಅಂದರೆ ಕನ್ನಡಕ್ಕೆ 16 ಇದ್ದದ್ದು 6 ಆಯಿತು. ಎರಡು ವರ್ಷದ ಓದು ಒಂದೇ ವರ್ಷಕ್ಕೆ ಮುಗಿಯುತ್ತದೆ.

ಹೊಸ ಪದ್ಧತಿಯೇ ಬೇಡ ಅನ್ನುವವನು ನಾನಲ್ಲ. ಗಣಿತದ ಹುಡುಗಿ ಸಂಗೀತವನ್ನೋ ಅರ್ಥಶಾಸ್ತ್ರವನ್ನೋ ಓದುವ ದಾರಿ ತೆರೆದದ್ದು ಒಳ್ಳೆಯದೇ. ಆದರೆ ಹೆಸರು ಸುಮ್ನೆ ಇಡುವುದಲ್ಲ, ಅದರ ಹಿಂದೆ ಪಾಠವೂ ಬದಲಾಗುತ್ತದೆ. 'ಸಾಮರ್ಥ್ಯ' ಅಂದ ಮೇಲೆ ಅರ್ಜಿ ಬರೆಯುವುದು, ಮಾತಾಡುವುದು ಮುಂದಕ್ಕೆ ಬರುತ್ತವೆ, ಕಾವ್ಯ ಹಿಂದಕ್ಕೆ ಸರಿಯುತ್ತದೆ. ಹೊಸದಾಗಿ ಭಾಷೆ ಕಲಿಯುವವರಿಗೆ ಅದು ಸರಿ. ಮನೆಯಲ್ಲೂ ಶಾಲೆಯಲ್ಲೂ ಕನ್ನಡವೇ ಆಡಿದ ಮಗುವಿಗೆ ಬೇಕಾದದ್ದು ಆ ಕಾವ್ಯವೇ ಅಲ್ವಾ?

ಇನ್ನೊಂದು ಮೇಷ್ಟ್ರುಗಳ ವಿಷಯ. ಕೇರಳದಲ್ಲಿ ಒಂದು ಹುದ್ದೆ ಮಂಜೂರಾಗಬೇಕಾದರೆ ವಾರಕ್ಕೆ 16 ಗಂಟೆ ಪಾಠ ತೋರಿಸಬೇಕು. ಪೇಪರ್ ಕಡಿಮೆಯಾದರೆ ಗಂಟೆ ಕಡಿಮೆ. ಗಂಟೆ ಕಡಿಮೆಯಾದರೆ ಹುದ್ದೆಗೇ ಕುತ್ತು. ಕನ್ನಡವೇ ಮೇಜರ್ ಇರುವ ಕಾಲೇಜು ಹೇಗೋ ನಿಭಾಯಿಸೀತು. ಬರೀ ಎರಡನೇ ಭಾಷೆಗಾಗಿ ಕನ್ನಡ ಇರುವ ಕಡೆ ಒಬ್ಬ ಗೆಸ್ಟ್ ಲೆಕ್ಚರರ್ ಹೋದರೆ ಆ ಸಾಲೇ ಫಾರಂನಿಂದ ಅಳಿಸಿಹೋಗಬಹುದು.

2017ರಲ್ಲಿ ಶಾಲೆಗಳಿಗೆ ಮಲಯಾಳಂ ಕಡ್ಡಾಯ ಅಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಈ ಕ್ರೆಡಿಟ್ಟಿನ ಬಗ್ಗೆ ನಮ್ಮ ಊರಲ್ಲಿ ಯಾರೂ ಮಾತಾಡಿದ್ದು ನಾನು ಕೇಳಲಿಲ್ಲ. 16 ಹೋಗಿ 6 ಆದದ್ದು ಬೋರ್ಡಿನಲ್ಲಿ ಕಾಣುವ ವಿಷಯ ಅಲ್ಲವಲ್ಲ.

ಕನ್ನಡ ವಿಭಾಗದವರು ಎಂಡಿಸಿ, ವಿಎಸಿ ಪೇಪರುಗಳನ್ನೂ ರೂಪಿಸಬಹುದು. ಯಕ್ಷಗಾನ, ಗಡಿನಾಡಿನ ಇತಿಹಾಸ, ಮಲಯಾಳಿ ಮಕ್ಕಳಿಗೆ ಮಾತಾಡುವ ಕನ್ನಡ, ಏನನ್ನಾದರೂ ಕೊಡಬಹುದು. ಆದರೆ ಅದು ಕಡ್ಡಾಯವಲ್ಲ, ಮಕ್ಕಳು ಆರಿಸಿಕೊಂಡರೆ ಮಾತ್ರ ಕ್ಲಾಸು ನಡೆಯುತ್ತದೆ.

ಇದನ್ನೆಲ್ಲ ಹೇಳಿ ಮುಗಿಸುವಾಗ ಕತ್ತಲಾಗಿತ್ತು. ಹುಡುಗಿ ಎಇಸಿ ಸಾಲಿನಲ್ಲಿ ಕನ್ನಡಕ್ಕೆ ಟಿಕ್ ಹಾಕಿದಳು. ಆಮೇಲೆ ಎಂಡಿಸಿ ಪಟ್ಟಿಯ ಮೇಲೆ ಪೆನ್ನಿನ ತುದಿ ಇಟ್ಟು, ಅಲ್ಲಿ ಕನ್ನಡದವರು ಕೊಡುವ ಪೇಪರ್ ಯಾವುದಾದರೂ ಇದೆಯಾ ಅಂತ ಒಂದೊಂದೇ ಸಾಲು ಓದತೊಡಗಿದಳು.